ಉಸಿರೆಳೆಯುವ ಸ್ನಾಯು ಮತ್ತು ಕಿವಿಗೆ ಕೇಳದ ಧ್ವನಿ

ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ಓದುತ್ತಿರುವ ವಿದ್ಯಾರ್ಥಿಯೊಬ್ಬನು ವೈದ್ಯವಿಜ್ಞಾನವನ್ನು ಕುರಿತು ಲೇಖನ ಬರೆಯಹೊರಟರೆ ಗೆಳೆಯರು ನಗುವುದು ಸಹಜ. ನಾನು ಅವರ ನಗುವಿಗೆ ಪಾತ್ರನಾಗಲು ಸಿದ್ಧನಾಗಿಯೇ ಈ ಬರವಣಿಗೆಗೆ ಕೈಹಾಕಿದ್ದೇನೆ. ಈ ವಿಷಯವು ನಮ್ಮ ಮನೆಗೆ ರೋಗದ ರೂಪದಲ್ಲಿ ಬಂದುದರಿಂದ ಅದನ್ನು ತಿಳಿದುಕೊಳ್ಳಲೇಬೇಕಾಯಿತು. ವೈದ್ಯರನ್ನು ಕೇಳಿ, ಪುಸ್ತಕಗಳನ್ನು ನೋಡಿ, ತಿಳಿಯದ ಕಡೆ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು ಪೀಡಿಸಿ ಕಲಿತುದನ್ನು ಯಥಾಶಕ್ತಿ ವಾಚಕರ ಮುಂದಿಡುತ್ತೇನೆ.

ಮನುಷ್ಯನು ಒಂದು ದಿನಕ್ಕೆ 21,600 ಸಲ ಉಸಿರಾಡುತ್ತಾನೆಂದು ನಮ್ಮ ಹಿಂದಿನ ಯೋಗಶಾಸ್ತ್ರಕಾರರು ಲೆಕ್ಕ ಹಾಕಿದ್ದರು. ಅಂದರೆ ನಿಮಿಷಕ್ಕೆ 15 ಸಲ. ಇಂದಿನ ವೈದ್ಯರು ಹೇಳುವ ಲೆಕ್ಕವೂ ಇದಕ್ಕೆ ದೂರವಾಗಿಲ್ಲ. ಆದರೆ ಇಷ್ಟು ಸಲ ಉಸಿರನ್ನು ಎಳೆಯುವವರು ಯಾರು? ಶ್ವಾಸಕೋಶ ಎಂದು ನಮ್ಮಲ್ಲಿ ಹೆಚ್ಚಿನವರು ಉತ್ತರ ಕೊಡುತ್ತೇವೆ. ಅದು ಸರಿಯಲ್ಲ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಕಮ್ಮಾರನ ತಿದಿಯನ್ನು ಒಬ್ಬನು ಎಳೆದು ಒತ್ತಬೇಕಾಗಿರುವಂತೆ ಶ್ವಾಸಕೋಶವನ್ನು ಹಿಗ್ಗಿಸಲು ಸ್ನಾಯುಗಳು ಬೇಕು. ಆ ಸ್ನಾಯುಗಳಲ್ಲಿ ಮುಖ್ಯವಾದುದು ವಪೆ. ವೈದ್ಯರು ಇದನ್ನು ಡಯಾಫ್ರಮ್ ಎನ್ನುತ್ತಾರೆ.

ವಪೆಯು ಎದೆಗೂ ಹೊಟ್ಟೆಗೂ ನಡುವೆ ಇರುವ ಅಗಲವಾದ, ತೆಳುವಾದ ಸ್ನಾಯುವಿನ ಹಾಳೆ. ಎರಡು ಬೋಗುಣಿಗಳನ್ನು ಅಕ್ಕಪಕ್ಕದಲ್ಲಿ ಕವುಚಿ ಹಾಕಿದಂತೆ ಅದರ ಆಕಾರ. ಬಲಗಡೆಯ ಬೋಗುಣಿಯ ಕೆಳಗೆ ಯಕೃತ್ತು, ಎಡಗಡೆಯದರ ಕೆಳಗೆ ಜಠರ ಮತ್ತು ಗುಲ್ಮ. ವಪೆಯು ಬಿಗಿದಾಗ ಈ ಬೋಗುಣಿಗಳು ತಗ್ಗಿ ಕೆಳಕ್ಕೆ ಸರಿಯುತ್ತವೆ. ಎದೆಯ ಗೂಡು ದೊಡ್ಡದಾಗುತ್ತದೆ. ಗಾಳಿ ಒಳಕ್ಕೆ ನುಗ್ಗುತ್ತದೆ. ಸಡಿಲಗೊಂಡಾಗ ಮೇಲಕ್ಕೆ ಹೋಗುತ್ತವೆ. ಗಾಳಿ ಹೊರಕ್ಕೆ ಬರುತ್ತದೆ. ಮಲಗಿರುವ ಮಗುವಿನ ಹೊಟ್ಟೆ ಏರಿ ಇಳಿಯುವುದನ್ನು ಎಲ್ಲರೂ ನೋಡಿದ್ದೇವೆ. ಆ ಏರಿಳಿತ ವಪೆಯ ಕೆಲಸದ ಗುರುತು. ಈ ಸ್ನಾಯುವಿಗೆ ಅಪ್ಪಣೆಯನ್ನು ತರುವ ನರಕ್ಕೆ ಫ್ರೆನಿಕ್ ನರವೆಂದು ಹೆಸರು. ಅದು ಕತ್ತಿನ 3, 4, 5ನೆಯ ನರಮೂಲಗಳಿಂದ ಹೊರಟು, ಹೃದಯದ ಪಕ್ಕದಲ್ಲಿ ಹಾದು, ವಪೆಯನ್ನು ಸೇರುತ್ತದೆ. ಬಲಕ್ಕೊಂದು, ಎಡಕ್ಕೊಂದು. ದಾರಿ ಇಷ್ಟು ಉದ್ದವಾದುದರಿಂದ ಆ ನರಕ್ಕೆ ಅಪಾಯವೂ ಹೆಚ್ಚು. ಕತ್ತಿಗೆ ಪೆಟ್ಟು ಬಿದ್ದರೆ, ಎದೆಯಲ್ಲಿ ಗಡ್ಡೆ ಬೆಳೆದರೆ, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಘಾಸಿಯಾದರೆ ವಪೆಯ ಅರ್ಧ ಭಾಗ ಕೆಲಸ ನಿಲ್ಲಿಸಬಹುದು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ನಮ್ಮ ತಂದೆಯವರು ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಅಕ್ಷರ ಬಾರದು; ಆದರೆ ಮೂಟೆಯನ್ನು ಬೆನ್ನಿಗೇರಿಸಿಕೊಂಡ ಮಾತ್ರಕ್ಕೆ ಅದರ ತೂಕವನ್ನು ಹೇಳಬಲ್ಲರು. 2023ರ ನವರಾತ್ರಿಯ ಸಮಯದಲ್ಲಿ ಅವರ ಬಲಭುಜದಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಸಹಿಸಲಾಗದ ನೋವು ಹುಟ್ಟಿತು. ಹತ್ತು ಹನ್ನೆರಡು ದಿನಗಳಲ್ಲಿ ನೋವು ಇಳಿಯಿತು. ಭಾರ ಹೊತ್ತು ಹೊತ್ತು ಭುಜ ಉಳುಕಿರಬೇಕೆಂದು ಎಲ್ಲರೂ ತಿಳಿದೆವು. ಅದಾದ ಮೂರು ವಾರಗಳಲ್ಲಿ ಅವರಿಗೆ ಮೂಟೆ ಹೊತ್ತು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬರತೊಡಗಿತು. ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಅಂಗಾತ ಮಲಗಿದರಂತೂ ಎದ್ದು ಕುಳಿತುಕೊಳ್ಳಲೇಬೇಕಾಗುತ್ತಿತ್ತು.

ಮಂಡಿಯಲ್ಲಿ ಕೆಲವರು ಇದನ್ನು ಮೈಗಳ್ಳತನವೆಂದರು, ಕೆಲವರು ಕುಡಿತವೆಂದರು. ತಂದೆಯವರಿಗೆ ಕುಡಿತದ ಅಭ್ಯಾಸವಿಲ್ಲ. ಮೊದಲು ತೋರಿಸಿದ ವೈದ್ಯರು ಹೃದಯದ ಪರೀಕ್ಷೆ ಮಾಡಿಸಿ, ಅದು ಸರಿಯಾಗಿದೆಯೆಂದು ಕಂಡು, ವಾಯುವಿನ ತೊಂದರೆಯೆಂದು ಮಾತ್ರೆ ಬರೆದರು. ಹೊರಗಿನವರ ಮಾತು ಹಾಗಿರಲಿ. ನಾನೂ ನಂಬಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಗ ನಾನು ಮೊದಲ ವರ್ಷದ ಬಿ.ಎ. ತರಗತಿಯಲ್ಲಿದ್ದೆ, ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ನಮ್ಮ ಮನೆಯಲ್ಲಿ ಇರುವುದು ಒಂದೇ ಕೋಣೆ. ಒಂದು ರಾತ್ರಿ ಅವರು ನಾಲ್ಕೈದು ಸಲ ಎದ್ದು ಗೋಡೆಗೆ ಒರಗಿ ಕುಳಿತದ್ದನ್ನು ಕಂಡು, "ಸುಮ್ನೆ ಮಲಗಪ್ಪಾ, ನಂಗೆ ಬೆಳಿಗ್ಗೆ ಪರೀಕ್ಷೆ ಐತೆ" ಎಂದು ರೇಗಿದೆ. ಅವರು ಏನನ್ನೂ ಹೇಳದೆ ಎದ್ದು ಹೋಗಿ ಹೊರಗೆ ಜಗಲಿಯ ಮೇಲೆ ಕುಳಿತರು. ಬೆಳಗಿನವರೆಗೂ ಅಲ್ಲಿಯೇ ಇದ್ದರು.

ಮಲಗಿದರೆ ಉಸಿರು ಕಟ್ಟುವುದೇಕೆ ಎಂಬುದು ನನಗೆ ತಿಳಿದದ್ದು ಅನಂತರ. ಕುಳಿತಾಗ ಹೊಟ್ಟೆಯ ಅವಯವಗಳು ತಮ್ಮ ಭಾರದಿಂದ ಕೆಳಕ್ಕೆ ಜಗ್ಗಿರುತ್ತವೆ. ಮಲಗಿದಾಗ ಅವು ಎದೆಯ ಕಡೆಗೆ ಸರಿದು ವಪೆಯನ್ನು ಮೇಲಕ್ಕೆ ತಳ್ಳುತ್ತವೆ. ಗಟ್ಟಿಯಾದ ವಪೆ ಆ ಭಾರವನ್ನು ಪ್ರತಿ ಉಸಿರಿನಲ್ಲಿಯೂ ಕೆಳಕ್ಕೆ ನೂಕಬಲ್ಲುದು. ಸೋತ ವಪೆಗೆ ಅದು ಆಗದು. ಇಷ್ಟು ಸರಳವಾದ ಕಾರಣವನ್ನು ಅರಿಯದೆ ನಾನು ಆ ರಾತ್ರಿ ರೇಗಿದ್ದೆ.

2024ರ ಫೆಬ್ರವರಿಯಲ್ಲಿ ಸೋದರಮಾವನವರ ಒತ್ತಾಯದಿಂದ ತಂದೆಯವರನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ತೆಗೆದ ಎಕ್ಸ್-ರೇ ಚಿತ್ರದಲ್ಲಿ ವಪೆಯ ಬಲಭಾಗ ಇರಬೇಕಾದುದಕ್ಕಿಂತ ಮೇಲೆ ನಿಂತಿತ್ತು. ಆದರೆ ಎಕ್ಸ್-ರೇ ಎಂಬುದು ಒಂದು ಕ್ಷಣದ ಚಿತ್ರ. ನಿಂತ ಗಾಡಿಯ ಫೋಟೋ ನೋಡಿ ಎಂಜಿನ್ನು ಕೆಟ್ಟಿದೆಯೋ, ಸವಾರನು ನಿಲ್ಲಿಸಿದ್ದಾನೋ ಎಂದು ಹೇಳಲಾಗುವುದಿಲ್ಲ. ಯಕೃತ್ತು ಊದಿಕೊಂಡಿದ್ದರೂ, ಶ್ವಾಸಕೋಶ ಕುಗ್ಗಿದ್ದರೂ ವಪೆ ಮೇಲೇರಿದಂತೆ ಕಾಣುವುದುಂಟು. ಅದು ಚಲಿಸುತ್ತಿದೆಯೇ ಎಂಬುದನ್ನು ನೋಡಬೇಕು. ಹಿಂದಿನಿಂದ ಇದಕ್ಕೆ ಎಕ್ಸ್-ರೇಯನ್ನು ನಿರಂತರವಾಗಿ ಹಾಯಿಸಿ, ಪರದೆಯ ಮೇಲೆ ಚಲನೆಯನ್ನು ನೋಡುವ ಕ್ರಮವಿದೆ. ಗಂಟಲಿನಿಂದ ಎರಡು ಸಣ್ಣ ಬಲೂನುಗಳನ್ನು ಇಳಿಸಿ, ಒಂದನ್ನು ಅನ್ನನಾಳದಲ್ಲಿಯೂ ಇನ್ನೊಂದನ್ನು ಜಠರದಲ್ಲಿಯೂ ಇರಿಸಿ, ವಪೆಯ ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸವನ್ನು ಅಳೆಯುವ ಕ್ರಮವೂ ಇದೆ. ಇದು ಬಹಳ ನಿಖರವಾದುದು. ಆದರೆ ರೋಗಿಗೆ ಕಷ್ಟದ್ದು, ಎಲ್ಲೆಡೆ ದೊರೆಯದು. ನಮಗೆ ಸೂಚಿಸಿದ್ದು ಮೂರನೆಯ ಮಾರ್ಗ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲುದು. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಕತ್ತಲಲ್ಲಿ ಬಾವಲಿ ದಾರಿ ಕಾಣಲು ಕಣ್ಣಿಗಿಂತ ಕಿವಿ ಮುಖ್ಯವೆಂಬುದನ್ನು ಇಟಲಿಯ ಸ್ಪಲಾಂಜಾನಿ 1790ರ ದಶಕದಲ್ಲಿಯೇ ಪ್ರಯೋಗಗಳಿಂದ ಕಂಡುಕೊಂಡಿದ್ದನು. ಬಾವಲಿಯು ಶ್ರವಣಾತೀತ ಧ್ವನಿಯನ್ನು ಹೊರಡಿಸಿ ಅದರ ಪ್ರತಿಧ್ವನಿಯಿಂದ ಅಡ್ಡಿಗಳನ್ನು ಅರಿಯುತ್ತದೆಂಬುದು ಮುಂದೆ ತಿಳಿಯಿತು. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ತೋರಿಸಿದರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಹರಳು ಕಂಪಿಸುತ್ತದೆ. ಹೀಗೆ ಒಂದೇ ಹರಳು ಧ್ವನಿಯನ್ನು ಕಳುಹಿಸಲೂ ಬಲ್ಲುದು, ಮರಳಿ ಬಂದುದನ್ನು ಕೇಳಲೂ ಬಲ್ಲುದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ವೈದ್ಯನು ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ರೋಗಿಗಳ ಹೊಟ್ಟೆಯ ಮೇಲೆ ಪ್ರಯೋಗಿಸಿ, ತನ್ನ ಸಂಗಡಿಗರೊಡನೆ 1958ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಇಂದಿನ ಸ್ಕ್ಯಾನಿಂಗಿಗೆ ಅದು ದೊಡ್ಡ ಬುನಾದಿ.

ದೇಹದ ಮೃದು ಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. 10 ಸೆಂಟಿಮೀಟರು ಆಳದಿಂದ ಪ್ರತಿಧ್ವನಿ ಮರಳಲು ಒಂದು ಸೆಕೆಂಡಿನ ಲಕ್ಷ ಭಾಗಗಳಲ್ಲಿ 13 ಭಾಗ ಸಾಕು. ಯಂತ್ರವು ಈ ಕಾಲವನ್ನು ಅಳೆದು ದೂರವನ್ನು ಲೆಕ್ಕ ಹಾಕಿ ಪರದೆಯ ಮೇಲೆ ಚುಕ್ಕೆಗಳನ್ನು ಇಡುತ್ತದೆ. ಆ ಚುಕ್ಕೆಗಳೆಲ್ಲ ಸೇರಿ ಚಿತ್ರವಾಗುತ್ತದೆ. ಆದರೆ ಈ ಧ್ವನಿಗೆ ಇಬ್ಬರು ವೈರಿಗಳು: ಗಾಳಿ ಮತ್ತು ಎಲುಬು. ಗಾಳಿ ಸಿಕ್ಕರೆ ಧ್ವನಿಯೆಲ್ಲ ಅಲ್ಲಿಂದಲೇ ಹಿಂದಿರುಗುತ್ತದೆ. ಚರ್ಮಕ್ಕೆ ತಣ್ಣನೆಯ ಅಂಟು ಹಚ್ಚುವುದು ನಡುವಿನ ಗಾಳಿಯನ್ನು ಕಳೆಯಲೆಂದೇ. ಈಗ ವಾಚಕರು ಕೇಳಬಹುದು: ವಪೆಯ ಮೇಲೆ ಗಾಳಿ ತುಂಬಿದ ಶ್ವಾಸಕೋಶವಿದೆ, ಸುತ್ತ ಪಕ್ಕೆಲುಬುಗಳಿವೆ, ಹಾಗಾದರೆ ಅದನ್ನು ಕಾಣುವುದು ಹೇಗೆ?

ಇದಕ್ಕೆ ಎರಡು ಕಿಟಕಿಗಳಿವೆ. ಮೊದಲನೆಯದು ಪಕ್ಕೆಲುಬಿನ ಗೂಡಿನ ಕೆಳ ಅಂಚು. ಅಲ್ಲಿ ಉಪಕರಣವನ್ನು ಇಟ್ಟು ಮೇಲ್ಮುಖವಾಗಿ ನೋಡಿದರೆ ಬಲಗಡೆಯಲ್ಲಿ ಯಕೃತ್ತಿನ ಮೂಲಕ ವಪೆಯ ಬೋಗುಣಿ ಬೆಳ್ಳನೆಯ ಬಾಗಿದ ಗೆರೆಯಾಗಿ ಕಾಣುತ್ತದೆ. ಯಕೃತ್ತಿನಲ್ಲಿ ಗಾಳಿಯಿಲ್ಲದುದರಿಂದ ಧ್ವನಿಗೆ ಅದು ಒಳ್ಳೆಯ ದಾರಿ. ಎರಡನೆಯದು ಪಕ್ಕೆಯಲ್ಲಿ, ಕಂಕುಳಿನ ನೇರಕ್ಕೆ ಕೆಳಗೆ, 8ನೆಯ ಮತ್ತು 9ನೆಯ ಪಕ್ಕೆಲುಬುಗಳ ನಡುವಿನ ಸಂದು. ಅಲ್ಲಿ ವಪೆಯ ಅಂಚು ಎದೆಯ ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ; ನಡುವೆ ಶ್ವಾಸಕೋಶವಿರುವುದಿಲ್ಲ. ಎರಡು ಬಿಳಿಯ ಗೆರೆಗಳ ನಡುವೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಆ ಪಟ್ಟಿಯೇ ಸ್ನಾಯು. ಮೊದಲ ಕಿಟಕಿಯಿಂದ ವಪೆ ಎಷ್ಟು ದೂರ ಸರಿಯುತ್ತದೆಂಬುದನ್ನೂ ಎರಡನೆಯದರಿಂದ ಎಷ್ಟು ದಪ್ಪವಾಗುತ್ತದೆಂಬುದನ್ನೂ ಅಳೆಯುತ್ತಾರೆ. ತೋಳನ್ನು ಬಿಗಿದಾಗ ಅಲ್ಲಿಯ ಸ್ನಾಯು ಗುಂಡಗೆ ಉಬ್ಬುವಂತೆ ವಪೆಯೂ ಬಿಗಿದಾಗ ದಪ್ಪವಾಗಬೇಕು. ಆಗದಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ಅರ್ಥ.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ, ಭ್ರೂಣದ ಲಿಂಗ ಪತ್ತೆ ಮಾಡಲಾಗುವುದಿಲ್ಲ, ಅದು ಅಪರಾಧ ಎಂಬ ಫಲಕವಿತ್ತು. 1994ರ ಕಾನೂನಿನಿಂದಾಗಿ ನಮ್ಮ ದೇಶದ ಎಲ್ಲ ಸ್ಕ್ಯಾನಿಂಗ್ ಕೋಣೆಗಳಲ್ಲಿಯೂ ಇಂತಹ ಫಲಕವಿರುತ್ತದೆ. ನಾನು ಅದನ್ನು ಓದಿ ಹೇಳಿದಾಗ ತಂದೆಯವರು ಮುಜುಗರಪಟ್ಟು ಒಳಗಿದ್ದ ವೈದ್ಯೆಯನ್ನು ಕೇಳಿದರು: "ತಾಯಿ, ಇದು ಬಸುರಿ ಹೆಂಗಸರಿಗೆ ಮಾಡೋದಲ್ವರಾ?"

ಆಕೆ ನಕ್ಕು, "ಉಸಿರಾಡೋರಿಗೆಲ್ಲ ಮಾಡ್ಬಹುದು ಯಜಮಾನ್ರೇ, ಮಲಗಿ" ಎಂದರು.

ಮಲಗುವುದೇ ಅವರಿಗೆ ಕಷ್ಟ. ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸಿದರು. ಮೊದಲು ಎಡಗಡೆಯನ್ನು ನೋಡಿದರು. ಅಲ್ಲಿ ಗುಲ್ಮವು ಚಿಕ್ಕದಾದುದರಿಂದಲೂ ಜಠರದ ಗಾಳಿ ಅಡ್ಡ ಬರುವುದರಿಂದಲೂ ಗೆರೆ ಸಿಕ್ಕಲು ಸ್ವಲ್ಪ ಹೊತ್ತಾಯಿತು. ಸಿಕ್ಕಿದ ಮೇಲೆ ಯಂತ್ರವನ್ನು ಇನ್ನೊಂದು ಕ್ರಮಕ್ಕೆ ತಿರುಗಿಸಿದರು. ಈ ಕ್ರಮದಲ್ಲಿ ಒಂದೇ ನೇರದ ಚಲನೆ ಕಾಲದೊಡನೆ ಗೆರೆಯಾಗಿ ಹರಿಯುತ್ತದೆ. ಉಸಿರೆಳೆದಾಗ ಗೆರೆ ಏರಿತು, ಬಿಟ್ಟಾಗ ಇಳಿಯಿತು. ಕೆರೆಯ ಅಲೆಯಂತೆ ಸಮವಾಗಿತ್ತು. ಅನಂತರ ಬಲಗಡೆ. ಅಲ್ಲಿ ಗೆರೆ ಹೆಚ್ಚುಕಡಿಮೆ ಸಪಾಟಾಗಿತ್ತು.

"ಯಜಮಾನ್ರೇ, ಬಾಯಿ ಮುಚ್ಚಿ ಮೂಗಿನಲ್ಲಿ ಒಂದು ಸಲ ಚುರುಕಾಗಿ ಎಳೀರಿ, ನಶ್ಯ ಏರಿಸೋ ಹಾಗೆ" ಎಂದರು ವೈದ್ಯೆ.

ತಂದೆಯವರು ಎಳೆದರು. ಗೆರೆ ಏರಬೇಕಾದಲ್ಲಿ ಇಳಿಯಿತು. ಎಡಭಾಗ ಬಲವಾಗಿ ಕೆಳಕ್ಕೆ ಎಳೆದಾಗ ಎದೆಯೊಳಗೆ ಉಂಟಾದ ಸೆಳೆತಕ್ಕೆ ಸೋತ ಬಲಭಾಗ ತಾನಾಗಿ ಮೇಲಕ್ಕೆ ಹೀರಲ್ಪಟ್ಟಿತ್ತು. ಉಸಿರೆಳೆಯಲು ನೆರವಾಗಬೇಕಾದುದು ತದ್ವಿರುದ್ಧವಾಗಿ ಚಲಿಸುತ್ತಿತ್ತು. ವೈದ್ಯೆ ಪರದೆಯನ್ನು ನಮ್ಮ ಕಡೆ ತಿರುಗಿಸಿ ಇದನ್ನು ಬಿಡಿಸಿ ಹೇಳಿದರು. ತಂದೆಯವರು ಬಹಳ ಹೊತ್ತು ಪರದೆಯನ್ನು ನೋಡಿ, "ಹಂಗಾದ್ರೆ ನಂದು ಸುಳ್ಳಲ್ಲ" ಎಂದರು. ನಾನು ತಲೆ ತಗ್ಗಿಸಿದೆ.

ಅಂಕಿಗಳನ್ನೂ ಹೇಳಬೇಕು. ಫ್ರಾನ್ಸಿನ ಬೂಸೂಜ್ ಮತ್ತು ಸಂಗಡಿಗರು 210 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದಂತೆ, ಸಾಧಾರಣ ಉಸಿರಿನಲ್ಲಿ ವಪೆಯ ಚಲನೆ ಗಂಡಸರಲ್ಲಿ ಸರಾಸರಿ 1.8, ಹೆಂಗಸರಲ್ಲಿ 1.6 ಸೆಂಟಿಮೀಟರು, ದೀರ್ಘ ಉಸಿರಿನಲ್ಲಿ ಗಂಡಸರಲ್ಲಿ 7, ಹೆಂಗಸರಲ್ಲಿ 5.7 ಸೆಂಟಿಮೀಟರು. ದಪ್ಪವನ್ನು ಕುರಿತು ಅಮೆರಿಕದ ಗಾಟ್ಸ್‌ಮನ್ ಮತ್ತು ಮೆಕೂಲ್ ಎಂಬುವರು 1997ರಲ್ಲಿ ಬರೆದರು. ಉಸಿರು ಬಿಟ್ಟಾಗಿನ ದಪ್ಪಕ್ಕಿಂತ ಪೂರ್ತಿ ಎಳೆದಾಗಿನ ದಪ್ಪ ಶೇಕಡಾ 20ರಷ್ಟೂ ಹೆಚ್ಚದಿದ್ದರೆ ಅದು ವಪೆಯ ಪಾರ್ಶ್ವವಾಯುವಿನ ಲಕ್ಷಣ. ನಮ್ಮ ತಂದೆಯವರ ಎಡಭಾಗ 2.2 ಮಿಲಿಮೀಟರಿನಿಂದ 3.3ಕ್ಕೆ, ಅಂದರೆ ಶೇಕಡಾ 50 ಹೆಚ್ಚಿತು. ಬಲಭಾಗ 1.6ರಿಂದ 1.7ಕ್ಕೆ, ಶೇಕಡಾ 6 ಮಾತ್ರ.

ಈ ಪರೀಕ್ಷೆ ವಪೆ ಸೋತಿದೆಯೆಂದು ಹೇಳುತ್ತದೆ; ಏಕೆ ಸೋತಿದೆಯೆಂದು ಹೇಳುವುದಿಲ್ಲ. ಅದಕ್ಕಾಗಿ ಕತ್ತು ಮತ್ತು ಎದೆಯ ಸಿ.ಟಿ. ಚಿತ್ರ ತೆಗೆದರು, ನರಗಳ ವಿದ್ಯುತ್ ಪರೀಕ್ಷೆ ಮಾಡಿದರು. ಗಡ್ಡೆಯಿರಲಿಲ್ಲ. ಆಗ ವೈದ್ಯರು ಭುಜದ ನೋವಿನ ಸಂಗತಿಯನ್ನು ಮತ್ತೆ ಮತ್ತೆ ಕೇಳಿದರು. ಭುಜದ ನರಗಳ ಗುಂಪು ಇದ್ದಕ್ಕಿದ್ದಂತೆ ಉರಿಯೂತಕ್ಕೆ ಒಳಗಾಗಿ, ತೀವ್ರ ನೋವಿನ ಹಿಂದೆಯೇ ಸ್ನಾಯುಗಳು ಸೋಲುವ ಒಂದು ರೋಗವುಂಟು. ಇಂಗ್ಲೆಂಡಿನ ಪಾರ್ಸನೇಜ್ ಮತ್ತು ಟರ್ನರ್ ಎಂಬ ವೈದ್ಯರು 1948ರಲ್ಲಿ 136 ರೋಗಿಗಳನ್ನು ಕುರಿತು ಬರೆದುದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಕೆಲವರಲ್ಲಿ ಫ್ರೆನಿಕ್ ನರವೂ ಇದಕ್ಕೆ ಸಿಕ್ಕುತ್ತದೆ. ನಾವು ಉಳುಕೆಂದು ಕಡೆಗಣಿಸಿದ್ದು ರೋಗದ ಮೊದಲ ಅಂಕವಾಗಿತ್ತು. ಈ ನರ ಅನೇಕರಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆಂದೂ ಅದಕ್ಕೆ ಒಂದೆರಡು ವರ್ಷವೋ ಇನ್ನೂ ಹೆಚ್ಚೋ ಹಿಡಿಯಬಹುದೆಂದೂ ಹೇಳಿದರು.

ಈ ಪರೀಕ್ಷೆಯ ಉಪಯೋಗ ಇಂತಹ ಅಪರೂಪದ ರೋಗಕ್ಕಷ್ಟೇ ಸೀಮಿತವಲ್ಲ. ಕಟ್ಟುಹಾವು ಕಡಿದಾಗ ವಿಷವು ನರದಿಂದ ಸ್ನಾಯುವಿಗೆ ಅಪ್ಪಣೆ ತಲುಪದಂತೆ ಮಾಡುತ್ತದೆ. ಉಸಿರಿನ ಸ್ನಾಯುಗಳು ಸೋಲುತ್ತವೆ. ಹೊಲಕ್ಕೆ ಹೊಡೆಯುವ ಕೆಲವು ಕ್ರಿಮಿನಾಶಕಗಳು ಹೊಟ್ಟೆಗೆ ಸೇರಿದಾಗ ಮೊದಲ ಗಂಡಾಂತರ ಕಳೆದು ರೋಗಿ ಚೇತರಿಸಿಕೊಂಡನೆನ್ನುವಷ್ಟರಲ್ಲಿ, ಒಂದರಿಂದ ನಾಲ್ಕು ದಿನಗಳೊಳಗೆ, ಕತ್ತಿನ ಮತ್ತು ಉಸಿರಿನ ಸ್ನಾಯುಗಳು ಸೋಲುವುದುಂಟು. ಇದನ್ನು ಶ್ರೀಲಂಕಾದ ವೈದ್ಯರು 1987ರಲ್ಲಿ ವಿವರಿಸಿದರು. ಇವೆರಡೂ ನಮ್ಮ ಹಳ್ಳಿಗಳಿಗೆ ಹೊಸವಲ್ಲ. ಇಂತಹ ರೋಗಿಗಳನ್ನು ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸುತ್ತಾರೆ. ಆಗ ಇನ್ನೊಂದು ತೊಡಕು ಹುಟ್ಟುತ್ತದೆ. ಯಂತ್ರವೇ ಉಸಿರಾಡಿಸುತ್ತಿದ್ದರೆ ವಪೆಗೆ ಕೆಲಸವಿಲ್ಲ; ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಕೆನಡಾದ ಗೋಲಿಗರ್ ಮತ್ತು ಸಂಗಡಿಗರು ಯಂತ್ರದ ಮೇಲಿದ್ದ 107 ರೋಗಿಗಳ ವಪೆಯನ್ನು ಅಲ್ಟ್ರಾಸೌಂಡಿನಿಂದ ಅಳೆದು 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 44 ಮಂದಿಯ ವಪೆ ಶೇಕಡಾ 10ಕ್ಕಿಂತ ಹೆಚ್ಚು ತೆಳುವಾಗಿತ್ತು. ಯಂತ್ರವನ್ನು ಯಾವಾಗ ತೆಗೆಯಬಹುದೆಂಬ ಕಠಿಣ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಅಳತೆ ವೈದ್ಯರಿಗೆ ನೆರವಾಗುತ್ತದೆ. ರೋಗಿಯನ್ನು ಮಂಚದಿಂದ ಎಬ್ಬಿಸಬೇಕಾಗಿಲ್ಲ. ಯಂತ್ರವನ್ನೇ ಮಂಚದ ಬಳಿಗೆ ತರಬಹುದು. ಎಕ್ಸ್-ರೇ ಕಿರಣಗಳ ಅಪಾಯವೂ ಇಲ್ಲ.

ಇದರ ಮಿತಿಗಳನ್ನು ಮರೆಮಾಚುವುದು ನ್ಯಾಯವಲ್ಲ. ಅಳೆಯುವುದು ಒಂದೆರಡು ಮಿಲಿಮೀಟರುಗಳನ್ನು. ಕೈ ಸ್ವಲ್ಪ ಓರೆಯಾದರೂ ಲೆಕ್ಕ ತಪ್ಪುತ್ತದೆ; ಆದುದರಿಂದ ಪರೀಕ್ಷಿಸುವವರಿಗೆ ಚೆನ್ನಾದ ಅಭ್ಯಾಸ ಬೇಕು. ಎಡಗಡೆಯ ನೋಟ ಎಷ್ಟೋ ಸಲ ಸಿಕ್ಕುವುದಿಲ್ಲ. ರೋಗಿ ಮನಸ್ಸಿಟ್ಟು ಉಸಿರೆಳೆಯದಿದ್ದರೆ ಒಳ್ಳೆಯ ಸ್ನಾಯುವೂ ದುರ್ಬಲವೆಂದು ತೋರಬಹುದು. ಯಂತ್ರದ ಮೇಲಿರುವವರಲ್ಲಿ ವಪೆ ಚಲಿಸಿದಂತೆ ಕಂಡರೂ ಅದು ಯಂತ್ರದ ನೂಕು ಇರಬಹುದು. ಅಲ್ಲಿ ದಪ್ಪದ ಅಳತೆಯೇ ಹೆಚ್ಚು ನಂಬಿಕೆಗೆ ಅರ್ಹ. ಇನ್ನು ಏದುಸಿರಿಗೆಲ್ಲ ವಪೆಯೇ ಕಾರಣವೆಂದು ಯಾರೂ ತಿಳಿಯಬಾರದು. ಹೃದಯ, ಶ್ವಾಸಕೋಶ, ರಕ್ತಹೀನತೆ ಇವುಗಳನ್ನು ಮೊದಲು ನೋಡಬೇಕು. ಅವೆಲ್ಲ ಸರಿಯಿದ್ದು, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ವಪೆಯನ್ನು ಮರೆಯಬಾರದು. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಕಳೆದುಹೋದುದು ಈ ಮರೆವಿನಿಂದಲೇ.

ತಂದೆಯವರಿಗೆ ಉಸಿರಾಟದ ವ್ಯಾಯಾಮಗಳನ್ನು ಹೇಳಿಕೊಟ್ಟರು. ತಲೆಯನ್ನು ಎತ್ತರಿಸಿ ಮಲಗುವಂತೆಯೂ ಭಾರ ಹೊರದಂತೆಯೂ ತಿಳಿಸಿದರು. ನಾನು ಆ ವರದಿಯನ್ನು ಮಂಡಿಗೆ ತೆಗೆದುಕೊಂಡು ಹೋಗಿ, ಅದರಲ್ಲಿ ಬರೆದಿರುವುದನ್ನು ಕನ್ನಡದಲ್ಲಿ ಓದಿ ಹೇಳಿದೆ. ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಕಲಿತ ಓದು ಮನೆಗೆ ಉಪಯೋಗಕ್ಕೆ ಬಂದುದು ಅದೇ ಮೊದಲು. ಮಂಡಿಯ ಯಜಮಾನರು ವರದಿಯಲ್ಲಿದ್ದ ಗೆರೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ವಾರದಿಂದ ತಂದೆಯವರಿಗೆ ಮೂಟೆ ಹೊರುವುದು ತಪ್ಪಿ, ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವ ಕೆಲಸ ಸಿಕ್ಕಿತು. ಕೂಲಿ ಕಡಿಮೆಯಾಯಿತು, ಮೈಗಳ್ಳನೆಂಬ ಮಾತು ನಿಂತಿತು.

2025ರ ಏಪ್ರಿಲಿನಲ್ಲಿ ಅದೇ ಕೋಣೆಯಲ್ಲಿ ಮತ್ತೆ ಪರೀಕ್ಷೆಯಾಯಿತು. ಬಲಭಾಗ 1.9 ಮಿಲಿಮೀಟರಿನಿಂದ 2.4ಕ್ಕೆ ದಪ್ಪವಾಯಿತು. ಶೇಕಡಾ 26. ನಶ್ಯ ಏರಿಸುವಂತೆ ಎಳೆದಾಗ ಗೆರೆ ಈ ಸಲ ಮೇಲಕ್ಕೆ ಹೋಯಿತು. ಎಡಭಾಗದಷ್ಟು ಎತ್ತರಕ್ಕೆ ಅಲ್ಲ, ಆದರೂ ಸರಿಯಾದ ದಿಕ್ಕಿಗೆ. ಪೂರ್ತಿ ಗುಣವಾಗುವುದೆಂದು ವೈದ್ಯರು ಮಾತು ಕೊಡಲಿಲ್ಲ. ನರ ಬೆಳೆಯುತ್ತಿದೆಯೆಂದು ಮಾತ್ರ ಹೇಳಿದರು.

ಕಣ್ಣಿಗೆ ಕಾಣದ ಗಾಯವನ್ನು ಜನ ಬೇಗ ನಂಬುವುದಿಲ್ಲ. ಕೈ ಮುರಿದವನಿಗೆ ಕೊಡುವ ಮರುಕವನ್ನು ಉಸಿರು ಸೋತವನಿಗೆ ಕೊಡುವುದಿಲ್ಲ, ನಾನೂ ಕೊಡಲಿಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ಯಾರಾದರೂ ರಾತ್ರಿ ಎದ್ದು ಗೋಡೆಗೆ ಒರಗಿ ಕುಳಿತರೆ ರೇಗದೆ ಒಂದು ಮಾತು ಕೇಳಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರೆಂದು ಬೇಡಿಕೊಳ್ಳುತ್ತೇನೆ. ತಂದೆಯವರು ಈಗ ಎರಡು ದಿಂಬುಗಳನ್ನಿಟ್ಟುಕೊಂಡು ರಾತ್ರಿಯೆಲ್ಲ ಮಲಗುತ್ತಾರೆ. ಒಮ್ಮೊಮ್ಮೆ ನಾನು ಓದುವುದನ್ನು ನಿಲ್ಲಿಸಿ ಅವರ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಿರುತ್ತೇನೆ.